ಎಡಕ್ಕೆಳೆಯುವ ಟಗರು

ನಾನು ಸೈಕಲ್ ಹತ್ತಿದರೆ ನೆಟ್ಟಗೆ ಕೂರುವುದಿಲ್ಲ. ಬಲ ಭುಜ ಎರಡು ಬೆರಳು ಕೆಳಗೆ, ಎಡ ಭುಜ ಎರಡು ಬೆರಳು ಮೇಲೆ. ಶಾಲೆಯ ಹುಡುಗರ ವರ್ಣನೆಯ ಪ್ರಕಾರ, ಲಾರಿ ಗುದ್ದಿದ ಲೈಟು ಕಂಬ ತಾನೇ ಎದ್ದು ಹೊರಟ ಹಾಗೆ ಕಾಣುತ್ತೇನಂತೆ. ಲೆಕ್ಕದ ಮೇಷ್ಟ್ರು ಎಂಬ ನನ್ನ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಕಾಂಪೌಂಡಿನ ಆಚೆ ನಾನು ವಾಲು ಮೇಷ್ಟ್ರು. ಇದು ನನ್ನ ಕಿವಿಗೆ ಬಿದ್ದಿಲ್ಲ ಎಂದು ಹುಡುಗರು ತಿಳಿದಿದ್ದಾರೆ. ಹಾಗೇ ತಿಳಿದುಕೊಂಡಿರಲಿ ಎಂದು ನಾನೂ ಸುಮ್ಮನಿದ್ದೇನೆ.

ಮದುವೆಯಾದ ಹೊಸದರಲ್ಲಿ ಹೆಂಡತಿ ಗಿರಿಜೆಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಶಿವಮೊಗ್ಗದ ಗಾಂಧಿ ಬಜಾರಿಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಅವಳು ನಿಮಗೆ ಸೊಂಟನೋವು ಇದೆಯಾ ಎಂದು ಮೆಲ್ಲಗೆ ಕೇಳಿದಳು. ಇಲ್ಲ ಎಂದೆ.

"ಹಾಗಾದ್ರೆ ನೆಟ್ಟಗೆ ಕೂತ್ಕೊಳ್ಳಿ. ನೋಡಿದೋರು ನನ್ನ ಭಾರಕ್ಕೇ ಹೀಗಾಗಿದೆ ಅಂದ್ಕೊಂಡಾರು" ಎಂದಳು.

ಇದು ರೋಗವಲ್ಲ, ಕಷ್ಟಪಟ್ಟು ಕಲಿತ ಸ್ಟೈಲು ಎಂದು ಹೆಂಡತಿಗೆ ಹೇಗೆ ಹೇಳುವುದು? ನಂಬುವುದಾದರೆ ನಂಬಿ, ಒಂದು ಕಾಲದಲ್ಲಿ ಭದ್ರಾವತಿಯ ನ್ಯೂ ಟೌನಿನಲ್ಲಿ ಸೈಕಲ್ ಮುಟ್ಟಿದ ಪ್ರತಿ ಹುಡುಗನೂ ಹೀಗೇ ಬಲಕ್ಕೆ ವಾಲುತ್ತಿದ್ದ. ನಮ್ಮನ್ನು ನೋಡಿ ಕಾಗದನಗರದ ಹುಡುಗರೂ ವಾಲಲು ಶುರುಮಾಡಿದ್ದರು. ಹೀಗೆ ಯಾಕೆ ವಾಲಬೇಕು ಎಂದು ಯಾರೂ ಕೇಳಲಿಲ್ಲ. ಕಾರಣ ನನಗೊಬ್ಬನಿಗೇ ಗೊತ್ತು ಎಂದು ನಾನು ಹದಿನೈದು ವರ್ಷ ತಿಳಿದುಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಪಂಕ್ಚರ್ ಹಾಕಿಸಲು ಖಲೀಲ್ ಸಾಬರ ಅಂಗಡಿಗೆ ಹೋಗಿದ್ದೆ. ಬಜಾರಿನ ಹಿಂದಿನ ಓಣಿಯಲ್ಲಿ ಒಂದೇ ಬಾಗಿಲಿನ ಅಂಗಡಿ. ಸಾಬರು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವಾಗ ಮಾತಾಡುವುದಿಲ್ಲ. ನಾವು ಮಾತಾಡಿದರೂ ಅವರಿಗೆ ಆಗುವುದಿಲ್ಲ. ಹಾಗಾಗಿ ಗೋಡೆ ನೋಡುತ್ತಾ ನಿಂತೆ. ಅಲ್ಲಿ ಒಂದು ಮೊಳೆಗೆ ತಲೆಕೆಳಗಾಗಿ, ತುಕ್ಕು ತಿಂದ ಒಂದು ಸೈಕಲ್ಲು ತೂಗುತ್ತಿತ್ತು. ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಕೆಳಮುಖವಾಗಿ ಸುತ್ತಿಕೊಂಡ ಹ್ಯಾಂಡಲ್ಲು. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕು ಎಡಕ್ಕೆ ಅರ್ಧ ಬೆರಳಿನಷ್ಟು ಸೊಟ್ಟಗಿತ್ತು. ಜಗತ್ತಿನಲ್ಲಿ ಸೊಟ್ಟ ಫೋರ್ಕುಗಳು ಸಾವಿರ ಇರಬಹುದು, ಆದರೆ ತಾನೇ ಮಾಡಿದ ಸೊಟ್ಟವನ್ನು ಮನುಷ್ಯ ಎಲ್ಲಿ ಕಂಡರೂ ಗುರುತು ಹಿಡಿಯುತ್ತಾನೆ.

ಅದು ಟಗರು. ಮಾಣಿಕ್ಯಣ್ಣನ ಟಗರು.

ಮಾಣಿಕ್ಯಂ ಅವರು ಕಬ್ಬಿಣದ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಕಬ್ಬಿಣ ಕಡೆಯುವ ಟರ್ನರ್. ನಮ್ಮ ತಂದೆ ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರು. ಇಬ್ಬರದೂ ನ್ಯೂ ಟೌನಿನ ಒಂದೇ ಸಾಲಿನ ಕ್ವಾರ್ಟರ್ಸು, ನಡುವೆ ಎರಡು ಮನೆ. ಯಾವನೋ ಬಿಳಿಯ ಇಂಜಿನಿಯರ್ ಊರಿಗೆ ಹೊರಡುವಾಗ ತನ್ನ ರೇಸ್ ಸೈಕಲ್ಲನ್ನು, ಕೈಕೆಳಗೆ ಚೆನ್ನಾಗಿ ಕೆಲಸ ಕಲಿತ ಮಾಣಿಕ್ಯಣ್ಣನಿಗೆ ಕೊಟ್ಟು ಹೋದನಂತೆ. ಹ್ಯಾಂಡಲ್ಲು ಟಗರಿನ ಕೊಂಬಿನಂತಿದ್ದದ್ದರಿಂದ ನಾವು ಹುಡುಗರು ಅದಕ್ಕೆ ಟಗರು ಎಂದು ಹೆಸರಿಟ್ಟೆವು. ಕಡು ನೀಲಿ ಬಣ್ಣ, ಬೆರಳು ದಪ್ಪದ ಟೈರು. ಒಂದೇ ಕೈಯಲ್ಲಿ ಎತ್ತಿ ಜಗಲಿಯ ಮೇಲಿಡಬಹುದಾದಷ್ಟು ಹಗುರ. ನಮ್ಮ ತಂದೆಯ ಸೈಕಲ್ಲನ್ನು ಎತ್ತಲು ನಾನೂ ನಮ್ಮಮ್ಮನೂ ಇಬ್ಬರೂ ಬೇಕಾಗುತ್ತಿತ್ತು.

ನ್ಯೂ ಟೌನಿನಲ್ಲಿ ಆಗ ಒಂದು ಪದ್ಧತಿಯಿತ್ತು. ರಾತ್ರಿ ಪಾಳಿ ಮುಗಿಸಿ ಬಂದವರು ಗೇಟಿನ ಮೇಲೆ ಒಂದು ಟವೆಲ್ ಹಾಕಿ ಮಲಗುತ್ತಿದ್ದರು. ಟವೆಲ್ ಇದ್ದರೆ ಆ ಮನೆಯ ಮುಂದೆ ಬುಗುರಿ ಆಡುವಂತಿಲ್ಲ, ಸೊಪ್ಪಿನವಳು ಕೂಗುವಂತಿಲ್ಲ, ನೆಂಟರು ಬಂದರೂ ಪಕ್ಕದ ಮನೆಯಲ್ಲಿ ಕೂತು ಕಾಯಬೇಕು. ಆ ಸಾಲಿನ ನಾಯಿಗಳೂ ಇದನ್ನು ತಿಳಿದುಕೊಂಡಿದ್ದವು ಎಂದು ನನಗೆ ಇವತ್ತಿಗೂ ಅನುಮಾನ.

ಮಾಣಿಕ್ಯಣ್ಣ ಎದ್ದು ಡ್ಯೂಟಿಗೆ ಹೊರಡುವುದನ್ನು ನೋಡಲು ನಾವು ಸಾಲಾಗಿ ನಿಲ್ಲುತ್ತಿದ್ದೆವು. ಗೇಟಿನ ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡು ಟಗರನ್ನು ಹತ್ತುವರು. ನಾಲ್ಕು ಮನೆ ದಾಟುವಷ್ಟರಲ್ಲಿ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಆಗ ಅವರು ಹ್ಯಾಂಡಲ್ಲಿನಿಂದ ಎರಡೂ ಕೈ ಬಿಟ್ಟು, ಟವೆಲನ್ನು ಬಿಚ್ಚಿ ಕೊಡವಿ, ತಲೆಗೆ ಮೂರು ಸುತ್ತು ಸುತ್ತಿ ತುದಿ ಸಿಕ್ಕಿಸುತ್ತಿದ್ದರು. ಅಷ್ಟೂ ಹೊತ್ತು ಟಗರು ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಸೈರನ್ ನಿಲ್ಲುವುದಕ್ಕೂ ತುದಿ ಸಿಕ್ಕಿಸುವುದಕ್ಕೂ ಸರಿಹೋಗುತ್ತಿತ್ತು. ಅಂಥ ಚೆಂದದ ಕೆಲಸವನ್ನು ನಾನು ಆಮೇಲೆ ಯಾವ ಸರ್ಕಸ್ಸಿನಲ್ಲೂ ನೋಡಿಲ್ಲ.

ಸಾಲಿನ ಹುಡುಗರಿಗೆಲ್ಲ ಸೈಕಲ್ ಕಲಿಸಿದವರೂ ಅವರೇ, ಟಗರಿನ ಮೇಲಲ್ಲ, ಬಾಡಿಗೆ ಸೈಕಲ್ಲಿನ ಮೇಲೆ. ಹಿಂದಿನಿಂದ ಸೀಟು ಹಿಡಿದು ಓಡಿಬರುವರು. ಹಿಡ್ಕೊಂಡಿದ್ದೀರಾ ಅಣ್ಣಾ ಎಂದು ಕೇಳಿದರೆ ಹಿಡ್ಕೊಂಡಿದ್ದೀನಿ ತಂಬಿ ಎನ್ನುವರು. ಆ ದನಿ ಎಲ್ಲೋ ದೂರದಿಂದ ಬಂತಲ್ಲ ಎಂದು ತಿರುಗಿ ನೋಡಿದಾಗಲೇ ನಾವು ಬೀಳುತ್ತಿದ್ದದ್ದು.

ಟಗರನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಅದಕ್ಕೆ ಫ್ರೀವೀಲ್ ಇಲ್ಲ, ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ನಿಮ್ಮ ಕಾಲು ಮುರಿಯುತ್ತದೆ ಎನ್ನುತ್ತಿದ್ದರು. ಹದಿನಾಲ್ಕು ವರ್ಷದ ನಾನು ಇದನ್ನು ದೊಡ್ಡವರ ಜಿಪುಣತನ ಎಂದುಕೊಂಡೆ.

ಅದು ದಸರಾಕ್ಕೆ ಎಂಟು ದಿನ ಮುಂಚಿನ ಮಾತು. ಪ್ರತಿ ದಸರಾಕ್ಕೆ ಕೆಲಸಗಾರರೇ ಸೇರಿ ಒಂದು ಸೈಕಲ್ ಪಂದ್ಯ ನಡೆಸುತ್ತಿದ್ದರು: ಕಾರ್ಖಾನೆ ಗೇಟಿನಿಂದ ಹೊರಟು ಶಿವಮೊಗ್ಗದ ತುಂಗಾ ಸೇತುವೆ ಮುಟ್ಟಿ ವಾಪಸು ಬರಬೇಕು. ಎರಡು ವರ್ಷ ಮಾಣಿಕ್ಯಣ್ಣನೇ ಗೆದ್ದಿದ್ದರು. ಅವತ್ತು ಮಧ್ಯಾಹ್ನ ಅವರ ಗೇಟಿನ ಮೇಲೆ ಟವೆಲ್ ಇತ್ತು. ಗೋಡೆಗೆ ಟಗರು ಒರಗಿತ್ತು. ಸಾಲಿನಲ್ಲಿ ನರಪಿಳ್ಳೆ ಇರಲಿಲ್ಲ. ನಾನು ಉಸಿರು ಬಿಗಿಹಿಡಿದು ಟಗರನ್ನು ತಳ್ಳಿಕೊಂಡು ಹೊರಟೆ.

ಮೊದಲ ಐದು ನಿಮಿಷ ನಾನು ನೆಲದ ಮೇಲಿರಲಿಲ್ಲ. ಆಮೇಲೆ ಇಳಿಜಾರು ಬಂತು. ಇಳಿಜಾರಿನಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಪೆಡಲ್ ತುಳಿಯುವುದನ್ನು ನಿಲ್ಲಿಸಿದೆ. ಪೆಡಲ್ ನಿಲ್ಲಲಿಲ್ಲ. ನನ್ನ ಕಾಲುಗಳನ್ನು ಕಿತ್ತು ಬಿಸಾಡಿ ಅದು ತನ್ನ ಪಾಡಿಗೆ ತಿರುಗುತ್ತಾ ಹೋಯಿತು. ಕೆಳಗಿನ ಮೋರಿಯ ಕಟ್ಟೆಗೆ ಟಗರು ಟಗರಿನ ಹಾಗೆಯೇ ಗುದ್ದಿತು. ನಾನು ಮೋರಿಯೊಳಗಿದ್ದೆ.

ಮಂಡಿ ಎರಡೂ ಕಿತ್ತುಹೋಗಿದ್ದವು. ನಾನು ನೋಡಿದ್ದು ಫೋರ್ಕನ್ನು. ಎಡಕ್ಕೆ ಅರ್ಧ ಬೆರಳು. ಅದನ್ನು ತಳ್ಳಿಕೊಂಡು ಬಂದು, ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಹಾಗೆಯೇ ಒರಗಿಸಿ, ಕಾಲಿಗೆ ಬುದ್ಧಿ ಹೇಳಿದೆ. ಗಾಯ ಯಾರಿಗೂ ಕಾಣಬಾರದೆಂದು ಮಾರನೆಯ ದಿನದಿಂದ ನಿಕ್ಕರ್ ಬಿಟ್ಟು ಅಪ್ಪನ ಪಂಚೆ ಉಟ್ಟುಕೊಂಡು ಓಡಾಡಿದೆ. ಮಗನಿಗೆ ಇದ್ದಕ್ಕಿದ್ದ ಹಾಗೆ ಗಾಂಭೀರ್ಯ ಬಂತು ಎಂದು ನಮ್ಮಮ್ಮ ಖುಷಿಪಟ್ಟಳು.

ಸಾಯಂಕಾಲ ಮಾಣಿಕ್ಯಣ್ಣ ಟಗರನ್ನು ಹತ್ತಿದ್ದನ್ನು ಕಿಟಕಿಯಿಂದ ನೋಡಿದೆ. ಹತ್ತಡಿ ಹೋದವರು ಇಳಿದರು. ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಫೋರ್ಕನ್ನು ನೋಡಿದರು. ಎದ್ದು ಇಡೀ ಸಾಲನ್ನು ಒಮ್ಮೆ ನೋಡಿದರು. ಯಾರನ್ನೂ ಏನೂ ಕೇಳಲಿಲ್ಲ. ಹತ್ತಿಕೊಂಡು ಹೋದರು. ಅವರು ಬೈದಿದ್ದರೆ, ಮನೆಗೆ ಬಂದು ಅಪ್ಪನಿಗೆ ಹೇಳಿದ್ದರೆ, ನನಗೆ ಆ ರಾತ್ರಿಯ ಊಟವಾದರೂ ಸೇರುತ್ತಿತ್ತು.

ಎಂಟು ದಿನ ಅವರು ಆ ಸೊಟ್ಟ ಸೈಕಲ್ಲನ್ನು ಪಳಗಿಸಿದರು. ಅದು ಎಡಕ್ಕೆಳೆದರೆ ಇವರು ಬಲಕ್ಕೆ ವಾಲಿದರು. ಮೊದಲ ದಿನ ಕೈ ಬಿಡಲಾಗಲಿಲ್ಲ. ಟವೆಲ್ ಹೆಗಲ ಮೇಲೇ ಉಳಿಯಿತು. ಐದನೆಯ ದಿನ ಎರಡು ಸುತ್ತು. ಎಂಟನೆಯ ದಿನ, ಬಲ ಭುಜ ತಗ್ಗಿಸಿ, ಮೂರೂ ಸುತ್ತು ಸುತ್ತಿ ತುದಿ ಸಿಕ್ಕಿಸಿದರು. ಪಂದ್ಯದ ದಿನ ಅದೇ ಸೊಟ್ಟ ಟಗರಿನ ಮೇಲೆ, ಬಲಕ್ಕೆ ವಾಲಿಕೊಂಡೇ ಹೋಗಿ, ವಾಲಿಕೊಂಡೇ ಬಂದು ಗೆದ್ದರು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ನಾನು ಪಂಚೆ ಎತ್ತಿ ಕಟ್ಟಿ ಕುಣಿಯುವ ಹಾಗಿರಲಿಲ್ಲ, ಮಂಡಿ ಕಾಣುತ್ತಿತ್ತು.

ಮಾರನೆಯ ದಿನದಿಂದ ನ್ಯೂ ಟೌನಿನ ಹುಡುಗರೆಲ್ಲ ಬಲಕ್ಕೆ ವಾಲಿದರು. ರೇಸಿನವರು ಹೀಗೇ ಕೂರುವುದು, ಗಾಳಿ ಸೀಳಿಕೊಂಡು ಹೋಗುತ್ತದೆ ಎಂದು ದೊಡ್ಡವನೊಬ್ಬ ವಿವರಣೆಯನ್ನೂ ಕೊಟ್ಟ. ನಿಜ ಗೊತ್ತಿದ್ದ ನಾನು ಎಲ್ಲರಿಗಿಂತ ಹೆಚ್ಚು ವಾಲಿದೆ. ವಾಲದಿದ್ದರೆ ಯಾಕೆ ಎಂದು ಕೇಳುವರಲ್ಲ!

ಹೇಳಿಬಿಡಬೇಕೆಂದು ಅವರ ಗೇಟಿನವರೆಗೆ ಎಷ್ಟು ಸಲ ಹೋಗಿಲ್ಲ! ಟವೆಲ್ ಇದ್ದ ದಿನ, ಮಲಗಿದ್ದಾರೆ ಎಂದು ಹಿಂದಿರುಗಿದೆ. ಟವೆಲ್ ಇಲ್ಲದ ದಿನ, ಎದ್ದಿದ್ದಾರೆ ಎಂದು ಹಿಂದಿರುಗಿದೆ. ಹೀಗೇ ಮೂರು ವರ್ಷ ಕಳೆಯಿತು. ಅಪ್ಪ ಕೆಲಸ ಬಿಟ್ಟು ಶಿವಮೊಗ್ಗದಲ್ಲಿ ಮನೆ ಮಾಡಿದರು. ನಾನು ಹೇಳದ ಮಾತನ್ನೂ ಸಾಮಾನಿನ ಜೊತೆ ಕಟ್ಟಿಕೊಂಡು ಬಂದೆ.

ಅದೇ ಟಗರು ಈಗ ಖಲೀಲ್ ಸಾಬರ ಗೋಡೆಯ ಮೇಲೆ. ಅವರು ಅದರ ಕಥೆ ಹೇಳಿದರು. ಭದ್ರಾವತಿಯ ಒಬ್ಬರಿಗೆ ಹೊಟ್ಟೆ ಆಪರೇಷನ್ ಆಯಿತಂತೆ. ಡಾಕ್ಟರು ಸೈಕಲ್ ಮುಟ್ಟಬೇಡಿ ಎಂದರಂತೆ. ಕಣ್ಣೆದುರಿಗಿದ್ದರೆ ಹತ್ತದೇ ಇರಲಾರೆ ಎಂದು ಅವರು ಅದನ್ನು ಶಿವಮೊಗ್ಗದಲ್ಲಿ ಸೋಡಾ ಅಂಗಡಿ ಇಟ್ಟಿದ್ದ ಭಾವಮೈದುನನಿಗೆ ಕೊಟ್ಟುಬಿಟ್ಟರಂತೆ. ಆತ ಟಗರಿಗೆ ಸೋಡಾ ಕ್ರೇಟು ಕಟ್ಟಿದ. ಸೈಕಲ್ಲು ಎಡಕ್ಕೆಳೆದು ದಿನಕ್ಕೆ ನಾಲ್ಕು ಬಾಟಲಿ ಒಡೆಯುತ್ತಿತ್ತು. ಬೇಸತ್ತು ಸಾಬರ ಅಂಗಡಿಗೆ ಹಾಕಿಹೋದ.

ನಾನು ಟಗರನ್ನು ಕೊಂಡೆ. ಮೊದಲಿನ ಹಾಗೆ ಮಾಡಿಕೊಡಬೇಕು, ಅದರಲ್ಲೂ ಮೊದಲು ಆ ಫೋರ್ಕು ನೆಟ್ಟಗಾಗಬೇಕು ಎಂದೆ. ಸಾಬರು ಒಪ್ಪಲಿಲ್ಲ. ಸೀಟಿನ ಚರ್ಮವನ್ನು ಹೆಬ್ಬೆರಳಿನಿಂದ ಸವರಿ ತೋರಿಸಿದರು. ಬಲಭಾಗ ಎಡಕ್ಕಿಂತ ಹೆಚ್ಚು ಸವೆದಿತ್ತು.

"ಇದನ್ನ ಓಡಿಸಿದೋರು ಬಲಕ್ಕೆ ವಾಲಿ ಕೂರ್ತಿದ್ರು ಮೇಷ್ಟ್ರೇ. ಒಂದಿನ ಎರಡು ದಿನ ಅಲ್ಲ, ವರ್ಷಗಟ್ಲೆ. ಈ ಸೊಟ್ಟ ಅವರಿಗೆ ಗೊತ್ತಿದೆ. ಅವರನ್ನ ಕೇಳ್ದೆ ಮುಟ್ಟಬಾರದು" ಎಂದರು.

ಲೆಕ್ಕದ ಮೇಷ್ಟರಿಗೆ ಬುದ್ಧಿ ಹೇಳಲು ಬರುತ್ತಾರಲ್ಲ ಎಂದು ನಾನು ಹಟ ಹಿಡಿದೆ. ಸಾಬರು ನಿಟ್ಟುಸಿರು ಬಿಟ್ಟು ಫೋರ್ಕನ್ನು ನೆಟ್ಟಗೆ ಮಾಡಿದರು.

ಆಮೇಲಿನ ಎರಡು ತಿಂಗಳು ಸಾಬರ ಕೈ ನೋಡುವುದೇ ನನಗೆ ಹಬ್ಬವಾಯಿತು. ಸ್ಕೂಲು ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದೆ. ಸೀಮೆಎಣ್ಣೆಯಲ್ಲಿ ನೆನೆಸಿ ನೆನೆಸಿ ಒಂದೊಂದೇ ನಟ್ಟು ಬಿಡಿಸಿದರು, ಒಂದನ್ನೂ ಮುರಿಯಲಿಲ್ಲ. ಚಕ್ರ ಕಟ್ಟುವಾಗ ಕಡ್ಡಿಗಳನ್ನು ಬೆರಳಿನಿಂದ ಮೀಟಿ ಕಿವಿಗೊಟ್ಟು ಕೇಳುವರು. ದನಿ ಬೇರೆ ಬಂದ ಕಡ್ಡಿಯನ್ನು ಕಾಲು ಸುತ್ತು ಬಿಗಿಮಾಡಿ ಮತ್ತೆ ಮೀಟುವರು. ಅಷ್ಟು ತೆಳುವಾದ ಟೈರು ಇಲ್ಲಿ ಸಿಗುವುದಿಲ್ಲ. ಮದ್ರಾಸಿಗೆ ಹೋಗುವ ಲಾರಿ ಡ್ರೈವರಿಗೆ ದಾರದಲ್ಲಿ ಅಳತೆ ಕಟ್ಟಿ ಕೊಟ್ಟು ತರಿಸಿದರು. ಸೀಟಿನ ಚರ್ಮಕ್ಕೆ ದಿನವೂ ಹರಳೆಣ್ಣೆ ತಿಕ್ಕಿದರು. ತುಕ್ಕಿನ ಕೆಳಗೆ, ಸೀಟಿನ ಬುಡದಲ್ಲಿ, ಉಗುರಿನಷ್ಟು ಹಳೆಯ ನೀಲಿ ಉಳಿದಿತ್ತು. ಬಸ್ಸಿನ ಬೋರ್ಡು ಬರೆಯುವವನನ್ನು ಕರೆಸಿ ಅದೇ ಬಣ್ಣ ಬರುವವರೆಗೆ ಮೂರು ಸಲ ಕಲಸಿದರು. ಒಂದೇ ವಿಷಯದಲ್ಲಿ ನಮಗಿಬ್ಬರಿಗೂ ಜಟಾಪಟಿ. ಮಡ್‌ಗಾರ್ಡ್ ಇಲ್ಲದ ಸೈಕಲ್ಲನ್ನು ಅಂಗಡಿಯಿಂದ ಆಚೆ ಕಳಿಸುವುದು, ಶೇರ್ವಾನಿ ಇಲ್ಲದ ಮದುಮಗನನ್ನು ಮಂಟಪಕ್ಕೆ ಕಳಿಸಿದ ಹಾಗೆ ಎಂದು ಅವರಿಗೆ ಸಂಕಟ. ಮನೆಯಲ್ಲಿ ಗಿರಿಜೆ, ಆ ಸೈಕಲ್ಲಿಗೆ ಹಚ್ಚಿದ ಹರಳೆಣ್ಣೆಯನ್ನು ನಿಮ್ಮ ತಲೆಗಾದರೂ ಹಚ್ಚಿದ್ದರೆ ನಾಲ್ಕು ಕೂದಲು ಉಳಿಯುತ್ತಿದ್ದವು ಎಂದಳು.

ಸಿದ್ಧವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಭದ್ರಾವತಿಗೆ ಹೊರಟೆ. ವಾಲಿ ಕೂರುತ್ತಿದ್ದ ಮನುಷ್ಯನನ್ನು ನೋಡಲೇಬೇಕು ಎಂದು ಸಾಬರೂ ತಮ್ಮ ಸೈಕಲ್ಲಿನಲ್ಲಿ ಜೊತೆಗೆ ಬಂದರು. ಸೇತುವೆ ದಾಟಿ, ಮಲವಗೊಪ್ಪ, ನಿದಿಗೆ ಹಾದು ಹೋಗುವಾಗ ಇಳಿಜಾರು ಬಂದಲ್ಲೆಲ್ಲ ನಾನು ಇಳಿದು ತಳ್ಳಿದೆ. ಸಾಬರು ಯಾಕೆ ಎಂದು ಕೇಳಲಿಲ್ಲ, ನನಗೆ ಹೇಳುವ ಧೈರ್ಯವೂ ಇರಲಿಲ್ಲ. ನನ್ನ ಯೋಚನೆ ಇಷ್ಟೇ: ಟಗರು ನೆಟ್ಟಗಾಗಿದೆ, ಹೊಳೆಯುತ್ತಿದೆ, ಅದನ್ನು ಒಪ್ಪಿಸಿ ನಮಸ್ಕಾರ ಹಾಕಿದರೆ ನನ್ನ ತಪ್ಪು ತಾನಾಗಿಯೇ ವಜಾ ಆಗುತ್ತದೆ, ಬಾಯಿ ಬಿಟ್ಟು ಹೇಳುವ ಪ್ರಮೇಯವೇ ಬರುವುದಿಲ್ಲ.

ಮಾಣಿಕ್ಯಣ್ಣ ಅದೇ ಮನೆಯಲ್ಲಿದ್ದರು. ಕೂದಲು ಬೆಳ್ಳಗಾಗಿತ್ತು, ರಿಟೈರಾಗಲು ಎರಡು ವರ್ಷ ಉಳಿದಿತ್ತು. ಆಪರೇಷನ್ ಆದಮೇಲೆ ಡ್ಯೂಟಿಗೆ ನಡೆದೇ ಹೋಗುತ್ತಿದ್ದರಂತೆ. ಡಾಕ್ಟರು ಹಾಕಿದ ಗಡುವು ಎಂದೋ ಮುಗಿದಿದ್ದರೂ ಬೇರೆ ಸೈಕಲ್ಲು ಹತ್ತಲು ಮನಸ್ಸಾಗಿರಲಿಲ್ಲ. ನನ್ನನ್ನು ಗುರುತು ಹಿಡಿದರು. ಟಗರನ್ನು ನೋಡಿ ಹತ್ತಿರ ಬಂದರು. ಹ್ಯಾಂಡಲ್ಲು ಸವರಿದರು. ಒಂದು ಕಡ್ಡಿ ಮೀಟಿ, ಸಾಬರ ಕಡೆ ತಿರುಗಿ, ನೀವಾ ಕಟ್ಟಿದ್ದು ಎಂದು ಕೇಳಿದರು. ಸಾಬರು ತಲೆಯಾಡಿಸಿದರು. ಕೆಲಸ ಬಲ್ಲ ಇಬ್ಬರ ನಡುವೆ ಅಷ್ಟೇ ಮಾತು. ಆದರೆ ನಾನು ಎರಡು ತಿಂಗಳು ಮಾಡಿದ ಹೊಗಳಿಕೆಗೆಲ್ಲ ಅರಳದ ಸಾಬರ ಮುಖ ಅದಕ್ಕೆ ಅರಳಿತು.

ಮಾಣಿಕ್ಯಣ್ಣ ಒಳಗಿನಿಂದ ಟವೆಲ್ ತಂದು ಹೆಗಲಿಗೆ ಹಾಕಿಕೊಂಡು ಹತ್ತಿದರು. ಅಕ್ಕಪಕ್ಕದವರೆಲ್ಲ ಗೇಟಿಗೆ ಬಂದರು. ನಾಲ್ಕು ಮನೆ ದಾಟಿದ ಮೇಲೆ ಎರಡೂ ಕೈ ಬಿಟ್ಟರು. ಬಲ ಭುಜ ತಗ್ಗಿತು. ಟಗರು ಸೀದಾ ಬಲಕ್ಕೆ ಹೋಗಿ ದಾಸವಾಳದ ಬೇಲಿಗೆ ನುಗ್ಗಿತು.

ನಾವು ಓಡಿಹೋಗುವಷ್ಟರಲ್ಲಿ ಅವರು ಎದ್ದಿದ್ದರು. ಪೆಟ್ಟಾಗಿರಲಿಲ್ಲ. ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹದಿನೈದು ವರ್ಷದ ಹಿಂದೆ ನೋಡಿದ ಹಾಗೆಯೇ ಫೋರ್ಕನ್ನು ನೋಡಿದರು.

"ಸೊಟ್ಟ ಎಲ್ಲಿ ಹೋಯ್ತು ತಂಬಿ?"

ತಮ್ಮ ಕೆಲಸದ ಮಾತು ಬಂದದ್ದರಿಂದ ಸಾಬರೇ ಉತ್ತರ ಕೊಟ್ಟರು: ತಾವು ಬೇಡ ಎಂದರೂ ಮೇಷ್ಟ್ರು ಮೊದಲ ದಿನವೇ ಹಟ ಮಾಡಿ ಅದನ್ನು ತೆಗೆಸಿದರು. ಮಾಣಿಕ್ಯಣ್ಣ ಮೆಲ್ಲಗೆ ಎದ್ದು, ಬಟ್ಟೆಗೆ ಅಂಟಿದ ಎಲೆ ಕೊಡವಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನಾನು ದಿನಾ ಕಬ್ಬಿಣ ನೆಟ್ಟಗೆ ಮಾಡೋನು. ಅದನ್ನ ಸರಿ ಮಾಡೋಕೆ ನಂಗೆ ಅರ್ಧ ಗಂಟೆ ಸಾಕಾಗಿತ್ತು. ಆ ಸಾಲಲ್ಲಿ ಎಂಟು ದಿನ ಪಂಚೆ ಉಟ್ಕೊಂಡು ತಿರುಗಿದ ಹುಡುಗ ಒಬ್ನೇ. ಅವನು ಬಂದು ಹೇಳ್ತಾನೆ, ಹೇಳಿದ ದಿನ ಇಬ್ರೂ ಕೂತು ಸರಿ ಮಾಡೋಣ ಅಂತ ಹಾಗೇ ಬಿಟ್ಟೆ. ರೇಸು ಬಂತು. ಆಮೇಲೂ ಕಾದೆ. ನೀವು ಊರು ಬಿಟ್ಟು ಹೋದ್ರಿ. ಅಷ್ಟೊತ್ತಿಗೆ ನಂಗೂ ಅದೇ ಒಗ್ಗಿತ್ತು."

ಟಗರನ್ನು ಬೇಲಿಯಿಂದ ಎಳೆದು ನಿಲ್ಲಿಸುತ್ತಾ ಮತ್ತೆ ಹೇಳಿದರು: "ಈಗ ನೀನೇ ಸರಿನೂ ಮಾಡಿಸ್ಕೊಂಡು ಬಂದಿದೀಯ. ಈಗಲೂ ಹೇಳ್ಲಿಲ್ಲ."

ದಿನಕ್ಕೆ ನಲವತ್ತು ಹುಡುಗರನ್ನು ತಪ್ಪು ಒಪ್ಪಿಕೋ ಎಂದು ನಿಲ್ಲಿಸಿ ಕೇಳುವವನು ನಾನು. ಅವತ್ತು ಬೀದಿಯ ಮಧ್ಯೆ, ಗೇಟುಗಳಲ್ಲಿ ನಿಂತ ಅಷ್ಟು ಜನರ ಎದುರು, ಕೈಕಟ್ಟಿ ನಿಂತೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಒಬ್ಬ ದೊಡ್ಡ ಮನುಷ್ಯನನ್ನು ಕಾಯಿಸಿದೆನಲ್ಲ ಎಂದು ಸಂಕಟವಾಯಿತು.

"ಅಣ್ಣಾ, ಅವತ್ತು ನೀವು ಮಲಗಿದ್ರಿ. ಗೇಟಿನ ಮೇಲೆ ಟವೆಲ್ ಇತ್ತು. ಕೇಳ್ದೆ ತಗೊಂಡು ಹೋದೆ. ಮೋರಿಗೆ ಗುದ್ದಿದ್ದು ನಾನೇ" ಎಂದೆ.

ಸಾಬರು ಬೇರೆಲ್ಲೂ ನೋಡಲಾಗದೆ ಚೈನನ್ನು ಪರೀಕ್ಷೆ ಮಾಡತೊಡಗಿದರು.

"ತುಂಬಾ ನೋವಾಗಿತ್ತಾ?" ಎಂದು ಕೇಳಿದರು ಮಾಣಿಕ್ಯಣ್ಣ.

ಹೂಂ ಎಂದೆ. ಕಣ್ಣು ಮಂಜಾಯಿತು. ನನ್ನ ಮಂಡಿಗಳನ್ನು ಅಲ್ಲಿಯವರೆಗೆ ಯಾರೂ ವಿಚಾರಿಸಿರಲಿಲ್ಲ.

ಬೇಕಾದರೆ ಮತ್ತೆ ಮೊದಲಿನಷ್ಟೇ ಸೊಟ್ಟ ಮಾಡಿಕೊಡುತ್ತೇನೆ ಎಂದು ಸಾಬರು ಮುಂದೆ ಬಂದರು. ಮಾಣಿಕ್ಯಣ್ಣ ಬೇಡ ಎಂದರು. ಹೇಳಿದ ದಿನ ಸರಿ ಮಾಡಬೇಕೆಂದು ಇತ್ತಲ್ಲ, ಸರಿಯಾಗಿದೆ, ಇನ್ನು ತಾವೇ ಹೊಸದಾಗಿ ಕಲಿಯಬೇಕು ಅಷ್ಟೇ ಎಂದು ಟಗರನ್ನು ಬೀದಿಗೆ ತಿರುಗಿಸಿದರು.

"ಬಾ, ಹಿಂದೆ ಹಿಡ್ಕೋ."

ಅವರು ಹತ್ತಿದರು. ನಾನು ಎರಡೂ ಕೈಯಲ್ಲಿ ಸೀಟು ಹಿಡಿದು ಓಡಿದೆ. ಸಾಬರೂ ಪಕ್ಕದಲ್ಲಿ ಓಡಿದರು. ಭುಜ ಬಲಕ್ಕೆ ತಗ್ಗಿದಾಗಲೆಲ್ಲ ನಾನು ನೆಟ್ಟಗೆ ಅಣ್ಣಾ, ನೆಟ್ಟಗೆ ಎನ್ನುತ್ತಿದ್ದೆ. ಮೊದಲ ಸಲ ಕೈ ಬಿಡಲಾಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ ಬೆನ್ನು ನೆಟ್ಟಗಾಯಿತು, ಭುಜಗಳು ಸಮನಾದವು. ಅವರು ಮೊದಲು ಎಡಗೈ ಬಿಟ್ಟರು, ಆಮೇಲೆ ಬಲಗೈ. ಹೆಗಲಿನ ಟವೆಲ್ ಬಿಚ್ಚಿ ಕೊಡವಿದರು.

"ಹಿಡ್ಕೊಂಡಿದ್ದೀಯಾ ತಂಬಿ?"

ತಪ್ಪೊಪ್ಪಿಕೊಂಡು ಅರ್ಧ ಗಂಟೆ ಕೂಡ ಆಗಿರಲಿಲ್ಲ. ನಾನು ಬೀದಿಯ ನಡುವೆ ನಿಂತು, ಏದುಸಿರು ಬಿಡುತ್ತಾ, ಖಾಲಿ ಕೈಯೆರಡನ್ನೂ ಸೊಂಟದ ಮೇಲಿಟ್ಟುಕೊಂಡು, ಹಿಡ್ಕೊಂಡಿದ್ದೀನಿ ಅಣ್ಣಾ ಎಂದು ಕೂಗಿದೆ. ಅವರು ತಿರುಗಿ ನೋಡಲಿಲ್ಲ. ಮೂರು ಸುತ್ತು ಸುತ್ತಿ, ತುದಿ ಸಿಕ್ಕಿಸಿಕೊಂಡು ಹೋದರು.